ಪಾಲಾಕ್ಷನ ಸೀಟಿನ ಕೆಳಗಿದ್ದ ಕ್ಯಾನು

ನಮ್ಮ ಪಿಕಪ್ ಗಾಡಿಯನ್ನು ಆರು ವರ್ಷದಿಂದ ಓಡಿಸುತ್ತಿದ್ದ ಪಾಲಾಕ್ಷನನ್ನು ನಾನು ಕಳ್ಳ ಎಂದು ಕರೆದೆ. ಹೂವಿನಹಡಗಲಿಯ ಹೂವಿನ ಮಂಡಿಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಮಲ್ಲಿಗೆ ತಂದ ಹೆಂಗಸರೆಲ್ಲ ಕೇಳುವಂತೆ.

ಪಾಲಾಕ್ಷ ಗುಡೇಕೋಟೆಯವನು. ಹೆಂಡತಿ ದುರ್ಗಾದೇವಿಯ ಊರು ಹಡಗಲಿಯಾದ್ದರಿಂದ ಮದುವೆಯ ನಂತರ ಇಲ್ಲೇ ನಿಂತ. ಮೊದಲು ಕುರಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿದ್ದು, ಆಮೇಲೆ ಅದನ್ನೇ ಓಡಿಸಿದವನು. "ಕುರಿ ನಿಂತಿರ್ತಾವ ಅಮ್ಮಾರ, ಗಕ್ಕನೆ ಬ್ರೇಕ್ ಹೊಡದ್ರ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ" ಎನ್ನುತ್ತಿದ್ದ. ಅವನ ಕಾಲು ಮೆತ್ತಗಾದದ್ದು ಅಲ್ಲಿ.

ನಮ್ಮದು ಮಲ್ಲಿಗೆ ವ್ಯಾಪಾರ. ಮಗ ಮೌನೇಶ್ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಮೊಗ್ಗು ತುಂಬಿಕೊಂಡು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗೆ ಹಾಕಿ ಬರುವುದು ಪಾಲಾಕ್ಷನ ಕೆಲಸ. ನಾನು ಎಷ್ಟೋ ಸಲ ಅವನ ಪಕ್ಕದಲ್ಲಿ ಕೂತು ಹೋಗಿದ್ದೇನೆ. ದೂರದಲ್ಲಿ ಹಂಪ್ ಕಂಡರೆ ಅಲ್ಲಿಂದಲೇ ಕಾಲು ತೆಗೆಯುವನು. ಗಾಡಿ ತಾನೇ ಉರುಳಿಕೊಂಡು ಹೋಗಿ, ಹಂಪ್ ಹತ್ತಿರ ಬರುವಷ್ಟರಲ್ಲಿ ಮನುಷ್ಯರ ನಡಿಗೆಗೆ ಇಳಿದಿರುತ್ತಿತ್ತು. ಐವತ್ತೈದರ ಮೇಲೆ ಓಡಿಸುತ್ತಿರಲಿಲ್ಲ. ರೈಲ್ವೆ ಗೇಟು ಹಾಕಿದ್ದರೆ ಇಂಜಿನ್ ಆರಿಸುವನು. ಪ್ರತಿ ಸೋಮವಾರ ನಾಲ್ಕೂ ಚಕ್ರಕ್ಕೆ ಗಾಳಿ ನೋಡಿಸುವನು. ಇಳಿಜಾರಿನಲ್ಲಿ ಬೇರೆ ಡ್ರೈವರುಗಳು ನ್ಯೂಟ್ರಲ್ ಮಾಡಿ ಬಿಡುತ್ತಾರಲ್ಲ, ನೀನೇಕೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ, "ಗೇರ್ ಬಿಟ್ರ ಡೀಸೆಲ್ ಉಳಿಯಂಗಿಲ್ಲ ಅಮ್ಮಾರ, ಜೀವಾನೂ ಉಳಿಯಂಗಿಲ್ಲ" ಅಂದಿದ್ದ.

ಶನಿವಾರಕ್ಕೊಮ್ಮೆ ಟ್ಯಾಂಕ್ ಫುಲ್ ಮಾಡಿಸುವುದು. ಹಿಂದಿನ ಶನಿವಾರದಿಂದ ಎಷ್ಟು ಓಡಿದೆ, ಮತ್ತೆ ತುಂಬಲು ಎಷ್ಟು ಡೀಸೆಲ್ ಹಿಡಿಯಿತು ಎಂದು ನೋಡಿದರೆ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಬರುತ್ತಿತ್ತು. ನನಗೆ ಅಕ್ಷರಕ್ಕಿಂತ ಅಂಕಿ ಚೆನ್ನಾಗಿ ಬರುವುದರಿಂದ ಮೀಟರನ್ನು ನಾನೇ ಓದುತ್ತಿದ್ದೆ.

ಈ ವರ್ಷದ ಉಗಾದಿ ಕಳೆದ ಮೇಲೆ ಹದಿಮೂರೂ ಬರಲಿಲ್ಲ. ಮೆಕ್ಯಾನಿಕ್ ನೋಡಿ ಇಂಜಿನ್ ಸರಿ ಇದೆ ಎಂದ. ಫಿಲ್ಟರ್ ಬದಲಾಯಿಸಿದೆವು. ಆದರೂ ಅಷ್ಟೇ. ಮೌನೇಶ್ ಒಂದು ದಿನ ಉಣ್ಣುತ್ತಾ ಹೇಳಿದ: "ಯವ್ವಾ, ಗಾಡಿ ಕುಡಿಯಾಕತ್ತಿಲ್ಲ, ಯಾರೋ ಕುಡಿಯಾಕತ್ಯಾರ."

ಆ ಮಾತು ನನ್ನೊಳಗೆ ಕೂತಿತು. ಮರುವಾರ ಮಂಡಿಯಲ್ಲಿ, ಮೊಗ್ಗಿನ ಬುಟ್ಟಿಗೆ ಹೊದಿಸುವ ಒದ್ದೆ ಬಟ್ಟೆಗೆಂದು ಸೀಟಿನ ಕೆಳಗೆ ಕೈ ಹಾಕಿದಾಗ ಐದು ಲೀಟರಿನ ಕ್ಯಾನು ಸಿಕ್ಕಿತು. ಖಾಲಿ. ಮೂಸಿದರೆ ಡೀಸೆಲ್ ವಾಸನೆ.

"ಇದೇನು ಪಾಲಾಕ್ಷ?"

"ಕ್ಯಾನು ಅಮ್ಮಾರ."

"ಕ್ಯಾನು ಅಂತ ನನಗೂ ಕಾಣ್ತೈತಿ. ಇದರಾಗಿನ ಡೀಸೆಲ್ ಎಲ್ಲಿಗೆ ಹೋತು?"



ಹೂ ತಂದಿದ್ದ ದ್ಯಾಮಕ್ಕ, "ಅಂಜಿನಕ್ಕಾ, ಆಮ್ಯಾಲ ಮಾತಾಡೀರಂತ, ಮೊಗ್ಗು ಅರಳ್ತಾವ" ಎಂದಳು.

"ಅರಳ್ಲಿ ಬಿಡು! ನಮ್ಮ ಟ್ಯಾಂಕಿನಾಗಿಂದ ತಗದು ಮಾರಿಕೊಳ್ಳೋ ಕಳ್ಳ ಇವನು!"

ಪಾಲಾಕ್ಷ ಕೀಲಿಯನ್ನು ಬುಟ್ಟಿಯ ಮೇಲಿಟ್ಟು ನಡೆದುಹೋದ.

ಮುಂದಿನ ಎಂಟು ದಿನ ಮೌನೇಶನೇ ಗಾಡಿ ಓಡಿಸಿದ. "ಈಗ ನೋಡವ್ವಾ ಮೈಲೇಜು" ಎಂದು ಹುರುಪಿನಿಂದಲೇ ಟ್ಯಾಂಕ್ ತುಂಬಿಸಿದ. ಫೋನಿನಲ್ಲಿ ಲೆಕ್ಕ ಮಾಡಿದ. ಮತ್ತೊಮ್ಮೆ ಮಾಡಿದ. ಮೀಟರನ್ನು ನಾನೇ ಓದಿದ್ದೆ, ತಪ್ಪಿರಲಿಲ್ಲ.

ಹನ್ನೊಂದು.

ಕಳ್ಳ ಹೋದ ಮೇಲೆ ಕಳವು ಹೆಚ್ಚಾಗಿತ್ತು.

ಬಂಕಿನಿಂದ ನೇರ ಪಾಲಾಕ್ಷನ ಮನೆಗೆ ಹೋದೆ. ದುರ್ಗಾದೇವಿ ಬಾಗಿಲಲ್ಲಿ ಹೂ ಕಟ್ಟುತ್ತಿದ್ದಳು. ಕೂಡ್ರಿ ಅನ್ನಲಿಲ್ಲ.

"ಡೀಸೆಲ್ ಹುಡುಕಾಕ ಬಂದ್ರೇನು? ಒಳಗ ಬರ್ರಿ. ಕೊಡ ಅದಾವ, ಗಡಿಗಿ ಅದಾವ, ಎಲ್ಲಾ ಮೂಸಿ ನೋಡ್ರಿ."

"ಹಂಗಲ್ಲವ್ವಾ. ಆ ಕ್ಯಾನು ಯಾಕಿತ್ತು ಅಂತ ಕೇಳಾಕ ಬಂದೀನಿ."

"ಆ ಕ್ಯಾನಿನಾಗ ನಿಮ್ ಗಾಡಿಯಿಂದ ಒಂದು ಹನಿ ಹೊರಗ ಬಂದಿಲ್ಲ. ಒಳಗ ಹೋಗೈತಿ! ವಾರಕ್ಕ ಐದು ಲೀಟರ್, ತನ್ನ ದಿನದ ಬತ್ತಾದ ರೊಕ್ಕದಾಗ ತಂದು ನಿಮ್ ಟ್ಯಾಂಕಿಗೆ ಸುರುವ್ಯಾನ ಈ ಪುಣ್ಯಾತ್ಮ. ಮೈಲೇಜ್ ಬಿದ್ರ ನನ್ನನ್ನ ಕಳ್ಳ ಅಂತಾರ ಅಂದ. ಸುರುವಿದ್ರೂ ಅಂದ್ರಿ."

ಒಳಗಿಂದ ಪಾಲಾಕ್ಷ ಬಂದು ಹೊಸ್ತಿಲಲ್ಲಿ ನಿಂತ.

"ಮೈಲೇಜ್ ಯಾಕ ಬಿದ್ದೈತಿ ಅಂತ ನಿನಗ ಗೊತ್ತಿತ್ತೇನೋ?" ಎಂದೆ.

"ಉಗಾದಿಗೆ ಕ್ಯಾಬಿನ್ ಮ್ಯಾಲ ಬೋರ್ಡ್ ಕೂಡಿಸಿದ್ರಲ್ಲ ಅಮ್ಮಾರ, ಅದು."

ಆ ಬೋರ್ಡಿನ ವಿಷಯ ಇಲ್ಲಿಯವರೆಗೆ ಹೇಳಲಿಲ್ಲ, ಏಕೆಂದರೆ ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. 'ಚೌಡಣ್ಣನವರ ಆಶೀರ್ವಾದ' ಎಂದು ಬರೆಸಿ, ಆರಡಿ ಅಗಲ ಎರಡಡಿ ಎತ್ತರದ ತಗಡಿನ ಬೋರ್ಡನ್ನು ಕಬ್ಬಿಣದ ಪಟ್ಟಿ ಹಾಕಿಸಿ ಕ್ಯಾಬಿನ್ನಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದು ನಾನೇ.

"ಅದಕ್ಕ ಗಾಳಿ ಬಡಿತೈತಿ" ಎಂದ ಪಾಲಾಕ್ಷ. "ಗಾಡಿ ಮುಂದ ಹೋಗ್ತೀನಿ ಅಂದ್ರ ಅದು ಹಿಂದಕ್ಕ ನೂಕ್ತೈತಿ."

"ಅವತ್ತೇ ಹೇಳಾಕ ಏನಾಗಿತ್ತೋ ನಿನಗ!"

"ಏನಂತ ಹೇಳ್ಲಿ? ದಿನಾ ಮುಂಜಾನಿ ಅದಕ್ಕ ಮಲ್ಲಿಗಿ ಮಾಲಿ ಹಾಕಿ ಕೈ ಮುಗಿತಿದ್ರಿ. ನಿಮ್ಮ ಯಜಮಾನರ ಹೆಸರು ಕಿತ್ತು ಕೆಳಗಿಡ್ರಿ, ಡೀಸೆಲ್ ಉಳಿತೈತಿ ಅಂತ ಹೇಳ್ಲೇನು?"

"ಮೌನೇಶ ಓಡಿಸಿದ್ರ ಹನ್ನೊಂದೇ ಬಂತಪ್ಪ" ಎಂದೆ.

"ಕಡಿಮಿ ಬಂದದ್ದರಾಗ ಬೋರ್ಡಿಂದು ಅರ್ಧ, ಅವನದ್ದು ಅರ್ಧ. ಮೌನೇಶಣ್ಣ ಎಕ್ಸಿಲೇಟರ್ ಮ್ಯಾಲ ಕಾಲು ಇಡಂಗಿಲ್ಲ, ಹಾವಿನ ತಲಿ ಮೆಟ್ಟಿದಂಗ ಮೆಟ್ಟತಾನ."

ದುರ್ಗಾದೇವಿಗೆ ಆ ಸಿಟ್ಟಿನಲ್ಲೂ ನಗು ಬಂತು. ನನಗೆ ಬರಲಿಲ್ಲ.

ಅಂದೇ ಸಂಜೆ ಮೌನೇಶ್ ಬೋಲ್ಟ್ ಬಿಚ್ಚಿ ಬೋರ್ಡ್ ಇಳಿಸಿದ. ಅಪ್ಪನ ಹೆಸರನ್ನು ನೆಲಕ್ಕೆ ತಾಗಿಸದೆ ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದು ಪಡಸಾಲೆಯ ಗೋಡೆಗೆ ಒರಗಿಸಿದ. ಮರುದಿನ ಬೆಳಿಗ್ಗೆ ಎಂಟಕ್ಕೆ ಪಾಲಾಕ್ಷನನ್ನು ಕರೆದುಕೊಂಡು ಮಂಡಿಗೆ ಹೋದೆ. ಅದೇ ಹೆಂಗಸರು ಇದ್ದರು. ಪಾಲಾಕ್ಷ ಕಳ್ಳನಲ್ಲ, ತಪ್ಪು ನನ್ನದು ಎಂದೆ.

ದ್ಯಾಮಕ್ಕ ಕೈಯಲ್ಲಿದ್ದ ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು. "ಕಳ್ಳ ಅನ್ನಾಕ ಅಷ್ಟು ದೊಡ್ಡ ದನಿ ಇತ್ತು, ಈಗ ಯಾಕ ಗಂಟಲು ಕಟ್ಟೈತಿ? ಆ ಮೂಲ್ಯಾಗಿನವ್ರಿಗೆ ಕೇಳ್ಲಿಲ್ಲ. ಜೋರ್ ಹೇಳಕ್ಕಾ."

ಜೋರಾಗಿ ಹೇಳಿದೆ. ಪಾಲಾಕ್ಷ ಮೌನೇಶನ ಕೈಯಿಂದ ಕೀಲಿ ತೆಗೆದುಕೊಂಡು ಗಾಡಿ ಹತ್ತಿದ.

ಮುಂದಿನ ಶನಿವಾರ ಟ್ಯಾಂಕ್ ತುಂಬಿಸಿದಾಗ ಹದಿನಾಲ್ಕು ಬಂತು. ಆದರೆ ನಾನು ಬರುವವರೆಗೆ ಅವನು ಡೀಸೆಲ್ ಹಾಕಿಸಿರಲಿಲ್ಲ. ಈಗಲೂ ನಾನಿಲ್ಲದೆ ಹಾಕಿಸುವುದಿಲ್ಲ. "ನೀನೇ ಹಾಕಿಸಪ್ಪ, ನಾ ನೋಡೋದು ಬ್ಯಾಡ" ಎಂದು ಎಷ್ಟು ಸಲ ಹೇಳಿದರೂ, "ಇಲ್ಲ ಅಮ್ಮಾರ, ನೀವು ನಿಂದರ್ರಿ" ಎನ್ನುತ್ತಾನೆ. ಮಾತಿನಲ್ಲಿ ಸಿಟ್ಟಿಲ್ಲ. ಹಾಗಾಗಿ ಪ್ರತಿ ಶನಿವಾರ ಮನೆಯಿಂದ ಬಂಕಿನವರೆಗೆ ನಡೆದು ಹೋಗುತ್ತೇನೆ. ಪಾಲಾಕ್ಷ ಟ್ಯಾಂಕಿನ ಮುಚ್ಚಳವನ್ನು ನನ್ನ ಕೈಗೆ ಕೊಟ್ಟು ಹತ್ತು ಹೆಜ್ಜೆ ಆಚೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಡೀಸೆಲ್ ತುಂಬಿ, ನಾನು ಮುಚ್ಚಳ ತಿರುಗಿಸಿ ಹಾಕಿದ ಮೇಲೆಯೇ ಗಾಡಿಯ ಹತ್ತಿರ ಬರುತ್ತಾನೆ.