ಅವ್ವನ ಕೋಣೆಯ ಹಗೇವು

ನಮ್ಮ ಮನೆತನದ ಹೆಣ್ಣುಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ನಾಲ್ಕು ಜನರ ಮುಂದೆ ಹೇಳಿದವರು ನಮ್ಮ ದೊಡ್ಡಪ್ಪ. ನಾನು ಮುಗಿಸಿದೆ. 1998ರಲ್ಲಿ ಧಾರವಾಡದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

ನನ್ನ ಪ್ರಾಜೆಕ್ಟು ಮನೆಗಳೊಳಗಿನ ರೇಡಾನ್ ಅಳೆಯುವುದು. ಅದು ನೆಲದೊಳಗಿಂದ ಏಳುವ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಕೋಣೆಯಲ್ಲಿ ಕೂಡಿಕೊಂಡರೆ, ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಫಿಲ್ಮಿನ ತುಂಡು ಇಟ್ಟ ಡಬ್ಬಿಗಳನ್ನು ಹಲವರ ಮನೆಯಲ್ಲಿ ತೂಗುಹಾಕಿ, ಕೆಲವು ತಿಂಗಳ ಮೇಲೆ ತಂದು ಫಿಲ್ಮಿನ ಮೇಲೆ ರೇಡಾನ್ ಬಿಟ್ಟ ಗುರುತುಗಳನ್ನು ಲ್ಯಾಬಿನಲ್ಲಿ ಎಣಿಸಬೇಕು. ನಮ್ಮೂರು ಹೆಬ್ಬಳ್ಳಿಯಲ್ಲಿ ಅವ್ವ ಮಲಗುವ ಕೋಣೆಯಲ್ಲೂ ಒಂದು ಕಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚು ಬಂದದ್ದು ಅದರಲ್ಲೇ.

ಬಾರದೆ ಏನು? ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ಅವ್ವನಿಗೆ ಕೊಟ್ಟದ್ದು ಕಿಟಕಿಯಿಲ್ಲದ ಒಳಕೋಣೆ. ಅದರ ನೆಲದಲ್ಲಿ ಹಗೇವು, ಅಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ಆಳವಾದ ಗುಂಡಿ. ಜೋಳ ಚೀಲದಲ್ಲಿಡುವ ರೂಢಿ ಬಂದು ಎಷ್ಟೋ ಕಾಲವಾಗಿತ್ತು. ಖಾಲಿ ಗುಂಡಿಯ ಬಾಯಿಗೆ ಒಂದು ಕಲ್ಲು. ಕಲ್ಲಿನ ಪಕ್ಕದಲ್ಲೇ ಅವ್ವನ ಹಾಸಿಗೆ.

ಗೌಂಡಿಯನ್ನು ಕರೆದು ತೋರಿಸಿದೆ. ಗುಂಡಿಗೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಹಾಕಿ, ಹಿತ್ತಲ ಗೋಡೆ ಒಡೆದು ಕಿಟಕಿ ಇಡಲು ಎಂಟು ಸಾವಿರ ಎಂದ.

ದೊಡ್ಡಪ್ಪ ನಕ್ಕರು. "ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಬಡಿಯಂಗಿಲ್ಲ. ಅಂಥಾ ಗಾಳಿಗೆ ಎಂಟು ಸಾವಿರ ಸುರೀಲೇನ ನಾ? ಸಾಲಿ ಭಾಳ ಆತವಾ ನಿನಗ."

"ಹಂಗಾರ ನೀವು ಒಳಗ ಮಲಗ್ರಿ ದೊಡ್ಡಪ್ಪಾ. ಅವ್ವ ಪಡಸಾಲ್ಯಾಗ ಮಲಗ್ಲಿ."

"ಗಂಡ ಸತ್ತಾಕಿ ಬಂದು ಹೋಗೋ ಮಂದಿ ಮುಂದ ಮಲಗೂದೇನು? ಬಾಯಿ ಮುಚ್ಚು."

ಆ ಪಡಸಾಲೆಗೆ ನೆಲಕ್ಕೆ ಹೊಸ ಫರಸಿ ಕಲ್ಲು ಹಾಕಿಸಿ ತಿಂಗಳೂ ಆಗಿರಲಿಲ್ಲ. ಅದಕ್ಕೆ ಸುರಿದದ್ದರಲ್ಲಿ ನಮ್ಮಪ್ಪನ ಪಾಲಿನ ಹೊಲದ ಪೀಕಿನ ದುಡ್ಡೂ ಇತ್ತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಬಿ.ಎಡ್. ಸೇರಲೆಂದು ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡನ್ನು ಗೌಂಡಿಗೆ ಕೊಟ್ಟೆ. ನನ್ನದು ಒಂದು ವರ್ಷ ಹೋಯಿತು, ಹೋಗಲಿ. ಗುಂಡಿ ತುಂಬುವಾಗ ದೊಡ್ಡಪ್ಪ "ಹಿರೇರ ಹಗೇವು ಹೂತು ಹಾಕಿದ್ಲು" ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ಕೆಲಸ ಮುಗಿದ ಮೇಲೆ ಮತ್ತೆ ಡಬ್ಬಿ ಕಟ್ಟಿ ನೋಡಿದೆ. ಬಹಳ ಇಳಿದಿತ್ತು.

ಎಂ.ಎಸ್ಸಿ. ಸರ್ಟಿಫಿಕೇಟ್ ಬಂದ ದಿನ ಊರಿಗೆ ಹೋಗಿ ಅದನ್ನು ಅವ್ವನ ಕೈಗಿಟ್ಟೆ. ದೊಡ್ಡಪ್ಪ ಅತ್ತ ತಿರುಗಿಯೂ ನೋಡಲಿಲ್ಲ. "ಒಳಗಿನ ಖೋಲಿಗೆ ಈಗ ಛಲೋ ಗಾಳಿ ಬರಾಕತ್ತೈತಿ. ನಾಳಿಂದ ನಾನ ಅಲ್ಲಿ ಮಲಗ್ತೇನಿ. ನಿಮ್ಮವ್ವಗ ಅಡಗಿಮನ್ಯಾಗ ಹಾಸಿಕೊಡು" ಎಂದರು.

ನಾನು ಬಾಯಿ ತೆಗೆಯುವುದರೊಳಗೆ ಅವ್ವ ಎದ್ದು ನಿಂತಳು. ಭಾವನ ಎದುರು ಸೆರಗು ಎಳೆದುಕೊಂಡು ಸರಿದು ಹೋಗುವುದೇ ಹೊರತು ಎಂದೂ ಮಾತಾಡಿದವಳಲ್ಲ. ಸರ್ಟಿಫಿಕೇಟು ಇನ್ನೂ ಕೈಯಲ್ಲೇ ಇತ್ತು.

"ನಾ ಖೋಲಿ ಬಿಡಂಗಿಲ್ರಿ ಭಾವಾರ" ಎಂದಳು. "ಆ ಕಿಡಕಿ ನನ್ನ ಮಗಳು ಇಡಿಸಿದ್ದು."