ಬಚ್ಚಲೊಲೆಯ ಬಿಸ್ಕತ್ತು

1946ರ ಸಂಕ್ರಾಂತಿ ಕಳೆದ ಮೇಲೆ, ತ್ಯಾಮಗೊಂಡ್ಲಿನ ನಮ್ಮ ಮನೆಯ ಬಚ್ಚಲೊಲೆಯಲ್ಲಿ ಚಿಕ್ಕಪ್ಪ ಬಿಸ್ಕತ್ತು ಬೇಯಿಸಿದ. ಒಣಶುಂಠಿ, ಏಲಕ್ಕಿ, ಹುರಿದ ಕಡಲೆಕಾಯಿ ಬೀಜ, ಕಾದ ಬೆಲ್ಲ ಇಷ್ಟೂ ಒಟ್ಟಿಗೆ ಎಲ್ಲಾದರೂ ಘಮ್ಮೆಂದರೆ ಇವತ್ತಿಗೂ ನನಗೆ ಮೊದಲು ಕಾಣುವುದು ಆ ಬಚ್ಚಲುಮನೆಯ ಹೊಗೆ ಹಿಡಿದ ಗೋಡೆ. ಹಂಡೆ ಒಲೆಯ ಮುಂದೆ ಚಳಿ ಕಾಯಿಸಿಕೊಂಡು ಬೆಳೆದವರಾದರೆ ಆ ಗೋಡೆ ನಿಮಗೂ ಗೊತ್ತಿರುತ್ತದೆ.

ಯುದ್ಧದ ಕಾಲದಲ್ಲಿ ಚಿಕ್ಕಪ್ಪ ಬೆಂಗಳೂರಿನ ಹತ್ತಿರ ಇಟಲಿಯ ಖೈದಿಗಳನ್ನಿಟ್ಟಿದ್ದ ಕ್ಯಾಂಪಿನಲ್ಲಿ ಅಡುಗೆ ಕೆಲಸಕ್ಕಿದ್ದ. ಈ ಬಿಸ್ಕತ್ತನ್ನು ಅವನಿಗೆ ಕಲಿಸಿದವನು ಅಲ್ಲಿಯ ಒಬ್ಬ ಖೈದಿ. ಯುದ್ಧ ಮುಗಿದು ಕೆಲಸ ಹೋದಾಗ ಊರಿಗೆ ಬಂದವನು ಬಸ್ ನಿಲ್ಲುವ ಕಡೆ ಬಿಸ್ಕತ್ತಿನ ಅಂಗಡಿ ಇಡುತ್ತೇನೆಂದ. ತಾತ ಒಂದೇ ಮಾತು ಹೇಳಿದ: "ಮಾಡಿ ತೋರ್ಸು. ಬಾಯಿಗೆ ಹಿಡಿಸಿದ್ರೆ ಅಂಗಡಿ, ಇಲ್ದಿದ್ರೆ ನಾಳೆಯಿಂದ ನೇಗ್ಲು."

ಬೆಳಿಗ್ಗೆಯಿಂದ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಅಮ್ಮ ಪಡಿತರದ ಗೋಧಿ ಬೀಸಿ ಪಂಚೆಯಲ್ಲಿ ಜರಡಿ ಹಿಡಿದಳು. ನಾನು ಕಡಲೆಕಾಯಿ ಬೀಜದ ಸಿಪ್ಪೆ ಊದಿ ಊದಿ ತಲೆಸುತ್ತಿ ಕೂತೆ. ಕಾವಿಗೆ ಕೂರಿಸಲೆಂದು ರಾಗಿಯಲ್ಲಿ ಹೂತಿಟ್ಟಿದ್ದ ಮೊಟ್ಟೆಗಳನ್ನು ಅಜ್ಜಿ ತಾನೇ ತಂದುಕೊಟ್ಟು, "ನನ್ನ ಕೋಳಿಮರಿ ಎಲ್ಲಾ ನಿನ್ ಬಿಸ್ಕತ್ಗೆ ಹೋಯ್ತಲ್ಲೋ" ಎಂದಳು. ಚಿಕ್ಕಪ್ಪ ಎಲ್ಲವನ್ನೂ ಸೇರಿಸಿ ಕಲಸಿದ ಹಿಟ್ಟನ್ನು ಉದ್ದದ ದಿಂಡು ಮಾಡಿ ತಗಡಿನ ತಟ್ಟೆಯಲ್ಲಿಟ್ಟ. ಸ್ನಾನದ ಬೆಂಕಿ ಇಳಿದು ಕೆಂಡವಾಗಿತ್ತು. ಅದನ್ನು ಪಕ್ಕಕ್ಕೆ ಎಳೆದು, ತಟ್ಟೆ ಒಳಗೆ ತಳ್ಳಿ, ಒಲೆಯ ಬಾಯಿಗೆ ಹಂಚು ಮುಚ್ಚಿ ಸಂದಿಗೆ ಜೇಡಿಮಣ್ಣು ಮೆತ್ತಿದ.

ವಾಸನೆ ನಡುಮನೆಗೆ ಬಂದಿತು, ಆಮೇಲೆ ಬೀದಿಗೂ ಹೋಯಿತು. ಹಂಚು ತೆಗೆದಾಗ ದಿಂಡು ಹೊಂಬಣ್ಣಕ್ಕೆ ತಿರುಗಿತ್ತು. ತಾಳ್ಮೆಗೆಟ್ಟ ತಾತ ತುದಿ ಮುರಿದು ಬಾಯಿಗೆ ಹಾಕಿಕೊಂಡ.

"ಇದು ಬಿಸ್ಕತ್ತೇನ್ಲಾ? ಕಡುಬು!"

"ಇನ್ನೂ ಅರ್ಧ ಆಗೈತೆ ಕಣಪ್ಪಾ. ಇದ್ನ ಎರಡು ಸಲ ಬೇಯಿಸ್ಬೇಕು."

"ಎರಡು ಸಲ ಬೇಯಿಸೋಕೆ ಇದೇನು ಇಟ್ಟಿಗೇನಾ?"

ದಿಂಡು ಆರುವ ತನಕ ಚಿಕ್ಕಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. ಈಳಿಗೆಮಣೆಯಲ್ಲಿ ಓರೆಯಾಗಿ ಹೋಳು ಮಾಡಿದ. ಬೀಜಗಳೂ ತುಂಡಾಗಿ ಹೋಳಿನ ತುಂಬ ಬಿಳಿ ಕಣ್ಣುಗಳಾದವು. ಹೋಳುಗಳು ಮತ್ತೆ ಒಲೆಗೆ ಹೋದವು. ಈ ಸಲ ಹೊರಬಂದಾಗ ಒಂದಕ್ಕೊಂದು ತಾಗಿದರೆ ಟಣಟಣ ಎನ್ನುತ್ತಿದ್ದವು. ತಾತ ಒಂದನ್ನು ಕಚ್ಚಿದ. ಅದು ಮುರಿಯಲಿಲ್ಲ. ದವಡೆ ಬದಲಾಯಿಸಿ ಮತ್ತೆ ಕಚ್ಚಿ, ಕೆನ್ನೆ ಹಿಡಿದುಕೊಂಡ.

"ಆಗ್ಲೇ ಕಡುಬು, ಈಗ ಕಲ್ಲು. ನಾಳೆ ಹೊಲಕ್ಕೆ ಬಾ."

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಅಜ್ಜಿ ತಾತನ ಕೈಯಿಂದ ಆ ಹೋಳನ್ನು ಕಿತ್ತುಕೊಂಡು, ಅವನದೇ ಬೆಲ್ಲದ ಕಾಫಿಯಲ್ಲಿ ಅದ್ದಿ, ಅದು ಕಾಫಿ ಹೀರಿ ಮೆತ್ತಗಾದ ಮೇಲೆ ಅವನ ಬಾಯಿಗಿಟ್ಟಳು. "ಹಲ್ಲಿಲ್ದೋರು ತಿನ್ನೋ ರೀತಿ ನಂಗೊತ್ತು. ತಿನ್ನು."

ತಾತ ಕಣ್ಣು ಮುಚ್ಚಿ ಚಪ್ಪರಿಸಿದ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಅವನು ಕಣ್ಣು ತೆರೆಯದೆ ಇನ್ನೊಂದಕ್ಕೆ ಕೈ ಚಾಚಿದ.

"ಅಂಗ್ಡಿಗೆ ಜಾಗ ಎಲ್ಲಿ ನೋಡಿದ್ದೀಯ?"

ಚಿಕ್ಕಪ್ಪ ನನ್ನನ್ನು ಎತ್ತಿ ಸೂರಿಗೆ ತಲೆ ತಾಗುವಷ್ಟು ಮೇಲಕ್ಕೆ ಎಸೆದು ಹಿಡಿದ.

ಅವನು ಬದುಕಿದ್ದ ತನಕ ಅಂಗಡಿ ನಡೆಯಿತು. ಮನೆ ಈಗಿಲ್ಲ, ಬಚ್ಚಲುಮನೆ ಇದ್ದ ಕಡೆ ರಸ್ತೆ ಹಾದುಹೋಗಿದೆ. ತಗಡಿನ ತಟ್ಟೆ ನನ್ನ ಅಡುಗೆಮನೆಯಲ್ಲಿದೆ. ಅದರ ಒಂದು ಮೂಲೆಯಲ್ಲಿ ಬೆಲ್ಲ ಸೀದ ಕಪ್ಪು ಹಾಗೇ ಇದೆ.