ನುಮಾಯಿಷ್‌ನಲ್ಲಿ ಒಂದು ಕೈ ಬಳೆ

ನಾನು ಕೆಲಸ ಮಾಡುವ ಆಫೀಸು ಬೇಗಂಪೇಟೆಯಲ್ಲಿದೆ. ಡಿಸೆಂಬರ್ ಹಿಡಿಯಿತೆಂದರೆ ಅಲ್ಲಿ ಊಟದ ಹೊತ್ತಿನ ಮಾತೆಲ್ಲ ಚಳಿಗಾಲದ್ದೇ. ಒಬ್ಬಳು ನಸುಕಿನ ಓಟಕ್ಕೆ ಹೆಸರು ಕೊಟ್ಟಿರುತ್ತಾಳೆ. ಇನ್ನೊಬ್ಬ ಅನಂತಗಿರಿ ಗುಡ್ಡದಲ್ಲಿ ಡೇರೆ ಹಾಕಿ, ಬೆಂಕಿ ಕಾಯಿಸಿಕೊಂಡು ಬಂದಿರುತ್ತಾನೆ. ಸಂಕ್ರಾಂತಿಗೆ ಯಾರ ಮನೆಯ ಮಾಳಿಗೆ ಮೇಲೆ ಗಾಳಿಪಟ ಹಾರಿಸುವುದು ಎಂಬ ಜಗಳವೂ ಆಗಲೇ ಶುರುವಾಗಿರುತ್ತದೆ. "ನೀನೆಲ್ಲಿಗೆ?" ಎಂದು ಕೇಳಿದರೆ ನನ್ನ ಉತ್ತರ ಪ್ರತಿ ವರ್ಷವೂ ಒಂದೇ: ನುಮಾಯಿಷ್‌ಗೆ.

ಹೈದರಾಬಾದಿನಲ್ಲಿ ಆ ಒಂದು ಶಬ್ದ ಸಾಕು. ನಾಂಪಲ್ಲಿಯ ಮೈದಾನದಲ್ಲಿ ಜನವರಿಯಿಂದ ಒಂದೂವರೆ ತಿಂಗಳು ನಡೆಯುವ ವಸ್ತುಪ್ರದರ್ಶನ ಅದು. ಕಾಶ್ಮೀರದ ಶಾಲು, ಲಖನೌದ ಕುರ್ತಾ, ಒಣಹಣ್ಣು, ಉಪ್ಪಿನಕಾಯಿ, ಆಕಾಶಕ್ಕೆ ಹತ್ತಿಸುವ ತೊಟ್ಟಿಲು, ಮೈದಾನ ಸುತ್ತುವ ಪುಟ್ಟ ರೈಲು. ನಾನು ನುಮಾಯಿಷ್ ಎಂದ ಕೂಡಲೇ ಆಫೀಸಿನವರಿಗೆ ಮಿರ್ಚಿ ಬಜ್ಜಿ ನೆನಪಾಗುತ್ತದೆ. ನನಗೆ ನೆನಪಾಗುವುದು ನನ್ನ ಎಡಗೈ.

ಅದಕ್ಕೆ ಮೊದಲು ನಮ್ಮವರ ಒಂದು ಪದ್ಧತಿ ಹೇಳಬೇಕು. ನಾವು ಯಾದಗಿರಿ ಕಡೆಯವರು. ಅಪ್ಪ ಗೌಂಡಿ. ಅವ್ವ ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುತ್ತಾಳೆ. ನಾನು ಚಿಕ್ಕವಳಿದ್ದಾಗ ಅಪ್ಪ ಕಟ್ಟುತ್ತಿದ್ದ ಕಟ್ಟಡದಲ್ಲೇ ನಮ್ಮ ವಾಸ. ಕಟ್ಟಡ ಮುಗಿದರೆ ಮನೆ ಬದಲಾಗುತ್ತಿತ್ತು, ಮನೆ ಬದಲಾದರೆ ಶಾಲೆ ಬದಲಾಗುತ್ತಿತ್ತು. ಹಾಗೆ ಶಾಲೆ ಬದಲಿಸುತ್ತ ಬದಲಿಸುತ್ತಲೇ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಪಡೆದದ್ದು.

ನಮ್ಮಂಥವರ ಮನೆಯೆಂದರೆ ಒಂದೇ ಕೋಣೆ. ಅಲ್ಲಿ ಹೆಣ್ಣು ನೋಡಲು ಬಂದವರನ್ನು ಕೂರಿಸುವುದೆಲ್ಲಿ? ಅದಕ್ಕೆ ನಮ್ಮ ಕಡೆಯ ಜನ ಹೈದರಾಬಾದಿಗೆ ಬಂದ ಮೇಲೆ ಒಂದು ಉಪಾಯ ಕಂಡುಕೊಂಡರು. ಹೆಣ್ಣು ತೋರಿಸುವುದನ್ನೆಲ್ಲ ಚಳಿಗಾಲಕ್ಕೆ ಇಟ್ಟುಕೊಳ್ಳುವುದು, ನುಮಾಯಿಷ್‌ನಲ್ಲಿ ತೋರಿಸುವುದು. ಎರಡೂ ಮನೆಯವರು ಅಲ್ಲಿ "ಆಕಸ್ಮಿಕವಾಗಿ" ಭೇಟಿಯಾಗಬೇಕು. ಒಪ್ಪಿಗೆಯಾದರೆ ಸರಿ. ಆಗದಿದ್ದರೆ ಯಾರಿಗೂ ಅವಮಾನವಿಲ್ಲ, ನುಮಾಯಿಷ್ ನೋಡಲು ಹೋಗಿದ್ದೆವು ಎಂದರಾಯಿತು. ಆದರೆ ಅದರಲ್ಲೊಂದು ಕಟ್ಟಳೆ ಇದೆ. ಗಂಡಿನ ತಾಯಿ ಬಳೆ ಅಂಗಡಿಗೆ ಕರೆದುಕೊಂಡು ಹೋಗಿ ಹುಡುಗಿಯ ಎರಡೂ ಕೈಗೆ ಹಸಿರು ಬಳೆ ಇಡಿಸಿದಳೆಂದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿಯುವಂತಿಲ್ಲ.

ಒಂದು ವರ್ಷ ನನ್ನ ಸರದಿ ಬಂತು. ಹುಡುಗ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ, ಒಳ್ಳೆಯವನು, ಕುಡಿಯುವುದಿಲ್ಲ ಎಂದು ಅವ್ವ ಹೇಳಿದಳು. ಬಾಲಾನಗರವಾದರೆ ನನ್ನ ನೌಕರಿಗೇನೂ ತೊಂದರೆಯಿಲ್ಲ ಎಂದುಕೊಂಡು ನಾನೂ ಸುಮ್ಮನೆ ಒಪ್ಪಿ ಹೊರಟೆ.

ಭಾನುವಾರ ಸಂಜೆ. ಮೆಟ್ರೋ ತುಂಬ ಸ್ವೆಟರುಗಳು. ನಾಂಪಲ್ಲಿಯಲ್ಲಿ ಇಳಿದವರೆಲ್ಲ ಒಂದೇ ದಿಕ್ಕಿಗೆ ಹರಿದರು, ನಾವೂ ಹರಿದೆವು. ಗೇಟಿನ ಒಳಗೆ ಹೋದ ಮೇಲೆ ನಮ್ಮ ಇಷ್ಟದಂತೆ ನಡೆಯುವುದು ಮುಗಿಯಿತು. ಹಿಂದಿನವರು ದೂಡಿದ ಕಡೆ ಹೋಗಬೇಕು. ಶಾಲಿನ ಅಂಗಡಿಯ ಮುಂದೆ ಒಬ್ಬ ಹೆಂಗಸು ನಮ್ಮ ದಾರಿಯನ್ನೇ ನೋಡುತ್ತ ನಿಂತಿದ್ದಳು. ನಮ್ಮನ್ನು ಕಂಡದ್ದೇ ಎರಡೂ ಕೈ ಎತ್ತಿದಳು.

"ಅಯ್ಯ ಶಿವನ! ನೀವೂ ಬಂದೀರೇನ್ರಿ?"

"ಹೂನ್ರಿ, ಹಿಂಗ ಸುಮ್ಮ ಬಂದಿದ್ವಿ," ಎಂದಳು ಅವ್ವ. ವಾರದಿಂದ ಇಬ್ಬರೂ ಫೋನಿನಲ್ಲಿ ಮಾತಾಡಿದ್ದು ಇದನ್ನೇ.

"ನೋಡ್ರಿ, ದೇವ್ರು ಹೆಂಗ ಕೂಡಸ್ತಾನ! ಇವ ನನ್ನ ಮಗ."

ಮಗ ಹೊಸ ಜಾಕೀಟಿನಲ್ಲಿ ನಿಂತಿದ್ದ. ಅಪ್ಪನಿಗೆ ನಮಸ್ಕಾರ ಮಾಡಿ ಜಾಕೀಟಿನ ಜಿಪ್ಪನ್ನು ಮೇಲೆ ಎಳೆದ, ಕೆಳಗೆ ಎಳೆದ.

ಗಂಡಿನ ತಾಯಿ ನನ್ನ ಮಣಿಕಟ್ಟು ಹಿಡಿದಳು. ಗದ್ದಲದಲ್ಲಿ ತಪ್ಪಿಸಿಕೊಳ್ಳಬಾರದೆಂದು ಹಿಡಿದದ್ದು ಎಂದೇ ನಾನು ತಿಳಿದೆ. ಆಮೇಲೆ ಆಕೆ ಬಿಡಲೇ ಇಲ್ಲ. ನಗುಮೊಗದ, ಚುರುಕು ನಾಲಿಗೆಯ ಹೆಂಗಸು. ಕಾಯಿಪಲ್ಲೆ ಹೆಚ್ಚುವ ಯಂತ್ರ ಮಾರುವವನ ಮುಂದೆ ನಿಂತು ಅವನಿಗೇ ಪಾಠ ಹೇಳಿದಳು. ಉಪ್ಪಿನಕಾಯಿ ಅಂಗಡಿಯಲ್ಲಿ ಎಲ್ಲದರ ರುಚಿ ನೋಡಿ ಯಾವುದನ್ನೂ ಕೊಳ್ಳದೆ ಬಂದಳು. ನನಗೆ ಆಕೆ ಇಷ್ಟವಾಗತೊಡಗಿದ್ದಳು, ನಿಜ ಹೇಳಬೇಕೆಂದರೆ. ಅಷ್ಟರಲ್ಲಿ ಆಕೆ ಅಂದಳು:

"ಯುಗಾದಿ ಆದ ಮ್ಯಾಲ ನಮ್ಮವ ಊರಿಗಿ ಹೊಂಟಾನ. ಅಲ್ಲೇ ಸ್ವಂತ ಲೇತ್ ಹಾಕ್ತಾನ. ಊರ ಮುಂದ ಜಾಗಾ ಐತಿ. ನೀ ಮನಿ ನೋಡ್ಕೊಂತ ಇದ್ರ ಆತು. ದಿನಾ ರೈಲಿನಾಗ ಜೋತಾಡಿ ಆ ನೌಕರಿ ಮಾಡೂದು ಯಾರಿಗೆ ಬೇಕಾಗೇತಿ, ಅಲ್ಲೇನವಾ?"

ನಾನು ತಿರುಗಿ ಅವ್ವನನ್ನು ನೋಡಿದೆ. ಅವ್ವ ಒಂದು ಹೊದಿಕೆಯ ಅಂಚನ್ನು ಹಿಡಿದು ಬಹಳ ಕಾಳಜಿಯಿಂದ ಪರೀಕ್ಷಿಸುತ್ತಿದ್ದಳು. ಹೊದಿಕೆ ಕೊಳ್ಳುವ ಹೆಂಗಸಲ್ಲ ಆಕೆ. ಅವಳಿಗೆ ಮೊದಲೇ ಗೊತ್ತಿತ್ತು.

ಅಪ್ಪನನ್ನು ನೋಡಿದೆ. ಅಪ್ಪ ಎತ್ತರದ ತೊಟ್ಟಿಲನ್ನು ನೋಡುತ್ತಿದ್ದ.

ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಆದರೆ ಎಲ್ಲಿಗೆ? ಮುಂದೆ ಜನ, ಹಿಂದೆ ಜನ, ಎರಡೂ ಬದಿಗೆ ಅಂಗಡಿ, ನನ್ನ ಮಣಿಕಟ್ಟು ಇನ್ನೊಬ್ಬರ ಕೈಯಲ್ಲಿ. ಮೈಕಿನಲ್ಲಿ ಯಾವುದೋ ಮಗು ಕಳೆದಿದೆ ಎಂದು ಉರ್ದುವಿನಲ್ಲೂ ತೆಲುಗಿನಲ್ಲೂ ಕೂಗುತ್ತಿದ್ದರು. ಆ ಮಗುವಿನ ಮೇಲೆ ಹೊಟ್ಟೆಕಿಚ್ಚಾಯಿತು.

"ಹುಡುಗ ಹುಡುಗಿ ನಾಕ ಮಾತ ಆಡ್ಲಿ," ಎಂದು ಗಂಡಿನ ತಾಯಿಯೇ ಏರ್ಪಾಟು ಮಾಡಿದಳು. ಈ ಗದ್ದಲದಲ್ಲಿ ಇಬ್ಬರೇ ಕೂರಬಹುದಾದ ಜಾಗ ಒಂದೇ, ಆ ಪುಟ್ಟ ರೈಲು. ಮಕ್ಕಳಿಗಾಗಿ ಮಾಡಿದ ಡಬ್ಬಿಯಲ್ಲಿ ನಾವಿಬ್ಬರು ಎದುರುಬದುರು ಕೂತೆವು. ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗದಂತೆ ಇಬ್ಬರೂ ಅಡ್ಡ ತಿರುಗಿದೆವು. ಒಮ್ಮೆ ಹೊರಟರೆ ಮೈದಾನ ಸುತ್ತಿ ಬರುವ ತನಕ ಇಳಿಯುವಂತಿಲ್ಲ. ಪಕ್ಕದ ಡಬ್ಬಿಯ ಮಕ್ಕಳು ಪ್ರತಿ ತಿರುವಿಗೂ ಕಿರುಚುತ್ತಿದ್ದರು.

ನಾನೇ ಬಾಯಿ ಬಿಟ್ಟೆ. "ನೀವು ಊರಿಗಿ ಹೋಗೂದು ಖರೇನಾ?"

"ಅವ್ವ ಹಂಗಂತಾಳ."

"ನೀವೇನಂತೀರಿ?"

ಅವನು ಹೊರಗೆ ನೋಡಿದ. "ನಂಗ ಬಾಲಾನಗರನ ಛಲೋ ಐತ್ರಿ. ಊರಾಗ ಲೇತ್ ಹಾಕಿದ್ರ ಕೆಲಸ ಕೊಡಾವ್ರು ಯಾರು? ಒಂದು ಪಂಪ್ ಕೆಟ್ಟೀತು, ಒಂದು ಬಂಡಿ ಅಚ್ಚು ಮುರದೀತು. ಇಲ್ಲಿ ನಾ ಮಾಡೂ ಕೆಲಸಾನ ಬ್ಯಾರೆ."

"ಹಂಗಂತ ನಿಮ್ಮವ್ವಗ ಹೇಳ್ರಿ ಮತ್ತ."

"ನಾ ಹೇಳಿದ್ರ ನಡಿಯಂಗಿಲ್ರಿ." ಆಮೇಲೆ ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ, "ನೀವು ಓದಿದವ್ರು. ನೀವ ಅನ್ರಿ, ನೌಕರಿ ಬಿಡಂಗಿಲ್ಲ ಅಂತ. ನಿಮ್ಮ ಹೆಸರ ಮ್ಯಾಲ ನಾನೂ ಇಲ್ಲೇ ಉಳೀತೀನಿ."

ನನಗೆ ಮೊದಲು ಕನಿಕರ ಬಂತು, ಹಿಂದೆಯೇ ಸಿಟ್ಟೂ ಬಂತು. ಅವನೇ ಏನಾದರೂ ಹೇಳಿ ಈ ಮಾತನ್ನು ತಪ್ಪಿಸಲಿ ಎಂದು ನಾನು ಕಾಯುತ್ತಿದ್ದೆ. ಅವನು ನನಗಾಗಿ ಕಾಯುತ್ತಿದ್ದ. ಗಂಡಸು ಬೇಡ ಎಂದರೆ ಅದು ಒಂದು ದಿನದ ಮಾತು. ಹೆಣ್ಣು ಬೇಡ ಎಂದರೆ "ಓದಿ ಸೊಕ್ಕು ಬಂದೈತಿ" ಎಂಬ ಮಾತು ಯಾದಗಿರಿಯ ತನಕ ಹೋಗುತ್ತದೆ, ಅವ್ವ ಅಪ್ಪ ಅದನ್ನು ಕೇಳುತ್ತ ಬದುಕಬೇಕು. ಆ ಮಾತು ಅವನಿಗೂ ಗೊತ್ತಿತ್ತು.

"ಇಬ್ರೂ ಕೂಡಿ ಹೇಳೋಣು," ಎಂದೆ.

"ಹೂನ್ರಿ, ನೋಡೋಣು," ಎಂದ. ರೈಲು ನಿಂತಿತು.

ಇಳಿದು ಇನ್ನೂ ಕಾಲು ನೆಟ್ಟಗೆ ಮಾಡಿರಲಿಲ್ಲ, ಗಂಡಿನ ತಾಯಿ ಮತ್ತೆ ಮಣಿಕಟ್ಟು ಹಿಡಿದಳು. "ಮಾತಾತಿಲ್ಲ? ಬಾ, ಬಳಿ ಇಡಸ್ತೀನಿ." ನಾನು ಏನೋ ಅನ್ನಲು ಹೋದೆ. ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ. ಬಳೆ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿಯೇಬಿಟ್ಟಳು. "ಅರಗಿನವು ಬ್ಯಾಡ್ರಿ, ಗಾಜಿನವು. ಹಸರು."

ಬಳೆಗಾರ ಮುದುಕ. ನನ್ನ ಎಡಗೈ ತೆಗೆದುಕೊಂಡು ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿದ. "ಹಾತ್ ನರಂ ರಖೋ ಬೇಟಾ," ಎಂದ. ಕೈ ಸಡಿಲ ಬಿಟ್ಟರೆ ನೋವಿಲ್ಲ, ಬಿಗಿ ಹಿಡಿದರೆ ಗಾಜು ಒಡೆದು ಚುಚ್ಚುತ್ತದೆ. ನಾನು ಸಡಿಲ ಬಿಟ್ಟೆ. ಬಳೆಗಳು ಒಂದರ ಹಿಂದೆ ಒಂದು ಗೆಣ್ಣು ದಾಟಿ ಇಳಿದವು. ನನ್ನ ಕೈ ನನ್ನನ್ನು ಕೇಳದೆ ಮದುವೆಗೆ ಒಪ್ಪಿಕೊಳ್ಳುತ್ತಿತ್ತು. ಹಿಂದೆ ಸರದಿಯಲ್ಲಿದ್ದ ಹೆಂಗಸರು "ಜಲ್ದಿ ಕರೋ ಅಮ್ಮಾ" ಎಂದು ಅವಸರ ಮಾಡುತ್ತ ನನ್ನ ಬೆನ್ನಿಗೇ ಒರಗಿದ್ದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಸಂತೋಷಕ್ಕೆ.

ಎಡಗೈ ಮುಗಿಯಿತು. ಬಳೆಗಾರ ಬಲಗೈ ಕೇಳಿದ.

ನಾನು ಮುಷ್ಟಿ ಕಟ್ಟಿದೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಕಟ್ಟಿದ ಮುಷ್ಟಿಗೆ ಜಗತ್ತಿನ ಯಾವ ಬಳೆಗಾರನೂ ಬಳೆ ಏರಿಸಲಾರ ಎಂಬುದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಿತು.

"ಮುಠ್ಠಿ ಖೋಲೋ ಬೇಟಾ."

"ಅತ್ತೀ," ಎಂದೆ ಗಂಡಿನ ತಾಯಿಗೆ, "ನಾ ನೌಕರಿ ಬಿಡಂಗಿಲ್ರಿ. ಬಿ.ಕಾಂ. ಮಾಡಿದ್ದು ಊರಾಗ ಕುಂದ್ರಾಕಲ್ಲ. ಹೈದರಾಬಾದಿನಾಗ ಇರ್ತೀವಿ ಅಂತ ನೀವು ಹೂಂ ಅಂದ್ರ ಈ ಕೈ ಕೊಡ್ತೀನಿ."

ಆಕೆ ನಕ್ಕಳು. "ಹುಚ್ಚ ಹುಡುಗಿ, ಬಳಿ ಅಂಗಡ್ಯಾಗ ಕರಾರು ಮಾಡ್ತಾರೇನು?"

"ಮತ್ತ ಎಲ್ಲಿ ಮಾಡ್ಲಿ? ಇದನ್ನ ದಾಟಿದ್ರ ನನ್ನ ಮಾತ ಕೇಳಾವ್ರು ಯಾರು?"

ಆಕೆಯ ನಗು ನಿಂತಿತು. ಮಗನ ಕಡೆ ತಿರುಗಿದಳು. "ನೀ ಏನಂತೀಯಪಾ?"

ಎಲ್ಲರೂ ಅವನನ್ನು ನೋಡಿದೆವು. ಬಳೆಗಾರನೂ ನೋಡಿದ. ಅವನು ಜಾಕೀಟಿನ ಜಿಪ್ಪು ಹಿಡಿದುಕೊಂಡು, ನನ್ನನ್ನೊಮ್ಮೆ ನೋಡಿ, ತಾಯಿಯನ್ನು ನೋಡಿ, "ನೀ ಹೇಳಿದಂಗ ಅವ್ವ," ಎಂದ.

ನಾನು ಎದ್ದೆ. ಸ್ಟೂಲು ಖಾಲಿಯಾದ ಕ್ಷಣವೇ ಹಿಂದಿನ ಹೆಂಗಸು ಕೂತಳು. ಗಂಡಿನ ತಾಯಿ ಉಳಿದ ಬಳೆಗಳನ್ನು ಕಾಗದದಲ್ಲಿ ಕಟ್ಟಿಸಿ ಅವ್ವನ ಕೈಯಲ್ಲಿಟ್ಟಳು. "ನಿಮ್ಮ ಮಗಳ ಮುಷ್ಟಿ ಯಾವಾಗ ಬಿಚ್ತೈತೋ ಅವಾಗ ಇಡಸ್ರಿ. ನಾವು ಕಾಯ್ತೀವಿ." ಕೋಪದ ದನಿಯಲ್ಲ. ಅದಕ್ಕೇ ಹೆದರಿಕೆಯಾಗಿದ್ದು.

ಹೊರಗೆ ಹೋಗುವ ಗೇಟು ಸಿಗುವಷ್ಟರಲ್ಲಿ ಸಾಕುಬೇಕಾಯಿತು. ಮೆಟ್ರೋದಲ್ಲಿ ಕಂಬ ಹಿಡಿದು ನಿಂತರೆ ನನ್ನ ಎಡಗೈ ಝಣ್ ಎನ್ನುತ್ತಿತ್ತು, ಸುತ್ತಲಿನವರು ತಿರುಗಿ ನೋಡುತ್ತಿದ್ದರು. ಮಿಯಾಪುರದಲ್ಲಿ ಮೆಟ್ಟಿಲು ಇಳಿಯುವಾಗ ಅವ್ವ ಅಂದಳು:

"ಒಂದ ಕೈಗೆ ಬಳಿ ಇಟ್ಕೊಂಡ ಹೆಣಮಗಳ್ನ ನಾ ಈ ಜಲ್ಮದಾಗ ನೋಡಿಲ್ಲ. ಒಡದಿ ಅಂದ್ರ ನೋಡು ಮತ್ತ."

ಒಡೆಯುವುದು ಅಪಶಕುನ. ಬಿಗಿಯಾಗಿ ಕೂತವನ್ನು ತೆಗೆಯುವುದು ಆಗದ ಮಾತು. ಬಲಗೈಗೆ ಇಡಿಸಿಕೊಂಡರೆ ಊರು, ಲೇತ್ ಯಂತ್ರ, ಮನೆ. ಮಲಗಿದರೂ ಹೊರಳಿದರೂ ಅವು ಸದ್ದು ಮಾಡುತ್ತಿದ್ದವು. ಆ ಒಂದು ಕೋಣೆಯಲ್ಲಿ ಮೂವರೂ ಕೇಳಿಸಿಕೊಂಡೆವು. ಆಫೀಸಿನಲ್ಲಿ ಪಕ್ಕದವಳು, "ಹೊಸ ಫ್ಯಾಷನ್ನಾ?" ಎಂದು ಕೇಳಿದಳು. ಹೌದೆಂದೆ. ವಾರವಿಡೀ ನಾನು ಕೀಬೋರ್ಡಿನ ಮೇಲೆ ಕೈಯಿಟ್ಟಾಗಲೆಲ್ಲ ಗಂಡಿನ ತಾಯಿ ಕಾಯುತ್ತಿರುವುದು ಕೇಳಿಸುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಆಫೀಸಿನ ಬಚ್ಚಲಲ್ಲಿ ಕೈತೊಳೆಯುವ ಸೋಪನ್ನು ಮಣಿಕಟ್ಟಿನ ತನಕ ಸುರಿದುಕೊಂಡೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಉಸಿರು ಹಿಡಿದು, ಒಂದೊಂದೇ ಎಳೆದೆ. ಗೆಣ್ಣಿನ ಚರ್ಮ ಸುಲಿಯಿತು. ಹೊರಗೆ ಯಾರೋ ಬಾಗಿಲು ಬಡಿದು "ಇಂಕಾ ಎಂತಸೇಪು?" ಎಂದು, ಇನ್ನೂ ಎಷ್ಟು ಹೊತ್ತೆಂದು ತೆಲುಗಿನಲ್ಲಿ ಗೊಣಗಿ ಹೋದರು. ಎಲ್ಲವೂ ಇಡಿಯಾಗಿ ಬಂದವು. ತೊಳೆದು, ಒರೆಸಿ, ಓಢಣಿಯಲ್ಲಿ ಕಟ್ಟಿಕೊಂಡು ಮನೆಗೆ ತಂದು ಅವ್ವನ ಮುಂದಿಟ್ಟೆ.

ಅವ್ವ ಒಂದೊಂದನ್ನೇ ದೀಪದ ಬೆಳಕಿಗೆ ಹಿಡಿದು ಬಿರುಕು ಹುಡುಕಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಬೈಯಲು ಒಂದು ದಾರಿ ಇತ್ತು. ನನ್ನ ಊದಿದ ಕೈಯನ್ನು ನೋಡಿದಳು, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನನ್ನ ಕಡೆ ತಳ್ಳಿದಳು.

ಭಾನುವಾರ ಅಪ್ಪ ಆ ಬಳೆ, ಕಾಗದದ ಪೊಟ್ಟಣ ಎರಡನ್ನೂ ತೆಗೆದುಕೊಂಡು ಬಾಲಾನಗರಕ್ಕೆ ಹೋದ. ಬರುವ ತನಕ ನಾನು ಬಾಗಿಲಲ್ಲೇ ಕೂತಿದ್ದೆ.

"ತೊಗೊಂಡ್ರು," ಎಂದ ಚಪ್ಪಲಿ ಬಿಡುತ್ತ. "ಒಂದೂ ಒಡದಿಲ್ಲಲ್ಲ ಅಂದಳು ಆಕಿ. ಚಾ ಕೊಟ್ಟಳು."

"ಹುಡುಗ?"

"ಊರಿಗಿ ಹೋಗ್ಯಾನಂತ. ಲೇತ್ ಹಾಕೂ ಜಾಗಾ ನೋಡಾಕ."

ನನಗೆ ಒಂದು ಥರವಾಯಿತು. "ಪಾಪ, ಅವಂಗ ಹೋಗೂ ಮನಸ್ಸ ಇದ್ದಿಲ್ಲಪ್ಪ," ಎಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ನಿನ್ನಂಗ ಮುಷ್ಟಿ ಕಟ್ಟಾಕ ಅವ ಏನ ಬಿ.ಕಾಂ. ಮಾಡ್ಯಾನೇನು?"

ಅಪ್ಪ ಗೋಡೆಯ ಕಡೆ ತಿರುಗಿ ನಕ್ಕ. ನನಗೂ ನಗು ಬಂತು. ಅವ್ವ ಮಾತ್ರ ನಗಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಅದನ್ನು ತಿರುವಿ ಹಾಕುತ್ತ ಕೇಳಿದಳು:

"ಬರೂ ಐತಾರ ರಜಾ ಐತಿಲ್ಲ ನಿಂಗ? ನುಮಾಯಿಷ್ ಇನ್ನೂ ಮುಗದಿಲ್ಲ."